ಹಿಟ್ಟಿನ ಕೋಳಿ, ಪ್ಲಾಸ್ಟಿಕ್ಕಿನ ಬಂದೂಕು

ಜಪಾನಿನಲ್ಲಿ 1979ರಲ್ಲಿ ಯೋಶಿಯುಕಿ ಟೊಮಿನೊ ನಿರ್ದೇಶನದ ‘ಮೊಬೈಲ್ ಸೂಟ್ ಗುಂಡಮ್’ ಧಾರಾವಾಹಿ ಪ್ರಸಾರವಾಯಿತು. ಮರುವರ್ಷದಿಂದ ಬಂದಾಯ್ ಸಂಸ್ಥೆಯು ಅದರ ಯಂತ್ರಮಾನವರ ಮಾದರಿಗಳನ್ನು ಮಾರತೊಡಗಿತು. ತುಣುಕುಗಳನ್ನು ಕತ್ತರಿಸಿ, ಉಜ್ಜಿ, ಕೂಡಿಸುವ ಆ ಕೆಲಸ ತಾಳ್ಮೆಯನ್ನು ಬೇಡುತ್ತದೆ, ಅದನ್ನು ಹಳಿಯಬೇಕಾಗಿಲ್ಲ. ಆದರೆ ಬೊಂಬೆಯೊಡನೆ ಬಂದ ಆಯುಧ ಸಾಲದೆಂದು, ಬರಿಯ ಬಂದೂಕು ಖಡ್ಗಗಳ ಪೊಟ್ಟಣಗಳೂ ಪ್ರತ್ಯೇಕವಾಗಿ ಮಾರಾಟವಾಗುತ್ತವೆ. ಕೊಟೊಬುಕಿಯಾ ಸಂಸ್ಥೆಯ ‘ವೆಪನ್ ಯುನಿಟ್’ ಸರಣಿ ಅಂಥದು. ಅದರಲ್ಲಿ ಬೊಂಬೆಯೂ ಇಲ್ಲ, ಕಥೆಯೂ ಇಲ್ಲ, ಉಳಿದಿರುವುದು ಶಸ್ತ್ರವೊಂದೇ.

‘ಪ್ಲಾಸ್ಟಿಕ್ಕಿನಿಂದ ಯಾವ ಜೀವಕ್ಕೆ ನೋವು?’ ಎನ್ನುವವರುಂಟು. ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲ ಶ್ರಾವಕರು ಹೀಗೆ ಕೇಳಬಹುದೆ? ಯಶೋಧರನೂ ತಾಯಿ ಚಂದ್ರಮತಿಯೂ ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆಯೊಂದೇ ಅವರನ್ನು ತಿರ್ಯಗ್ಗತಿಯಲ್ಲಿ ಜನ್ಮಜನ್ಮಾಂತರ ತೊಳಲಿಸಿತು.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಕೊಡಲಿ, ಕತ್ತಿ ಮೊದಲಾದ ವಧಸಾಧನಗಳನ್ನು ಕೊಡುವುದನ್ನು ಹಿಂಸಾದಾನವೆಂದು ಕರೆದು 5 ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಬೊಂಬೆಯ ಬಂದೂಕು ವಧಸಾಧನವಲ್ಲವೆಂದು ವಾದಿಸಬಹುದು, ವಾದ ಸರಿಯೇ. ಆದರೆ ಅದೇ ಐದರಲ್ಲಿ ಅಪಧ್ಯಾನವೂ ಇದೆ: ಪರರ ವಧ, ಬಂಧನ, ಛೇದನಗಳನ್ನು ದ್ವೇಷದಿಂದ ಚಿಂತಿಸುವುದು. ಯಾವ ಆಯುಧದಿಂದ ಯಾವ ಶತ್ರುವನ್ನು ಹೇಗೆ ಕೆಡಹಬೇಕೆಂದು ಗಂಟೆಗಟ್ಟಲೆ ಯೋಚಿಸುವ ಬಾಲಕನಿಗೆ ಆ ಪೊಟ್ಟಣ ಮತ್ತೇನನ್ನು ಕಲಿಸುತ್ತದೆ? ಹತ್ತು ಬಗೆಯ ಆಯುಧಗಳಿದ್ದರೆ ಹತ್ತು ಬಗೆಯ ಚಿಂತನೆ.

ಯಂತ್ರಮಾನವನನ್ನು ಮಕ್ಕಳು ಜೋಡಿಸಲಿ. ಆಯುಧದ ಪೊಟ್ಟಣಕ್ಕೆ ಹಣ ತೆರುವ ಕೈ ಮಾತ್ರ ಹಿರಿಯರದು. ಅವರು ಅದನ್ನು ಕೊಳ್ಳದಿರಲಿ. ಬಸದಿಗಳ ವಿಶ್ವಸ್ತ ಮಂಡಳಿಗಳೂ ಪಾಠಶಾಲೆಯ ಬಹುಮಾನಗಳನ್ನು ಆರಿಸುವಾಗ ಅಂಥವನ್ನು ಹೊರಗಿಡತಕ್ಕದ್ದು.