ಗುಡ್ಡ ನಮ್ಮದು, ಅರ್ಜಿ ಮಾತ್ರ ಇಂಗ್ಲಿಷಿನದು!

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಹತ್ತಿತು. ಜನ ಅದನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ರೋಗದ ಸುಳಿವು ಆ ಕನ್ನಡ ಹೆಸರಿನಲ್ಲೇ ಇತ್ತು! ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ವೈರಸ್ಸನ್ನು ಹಿಡಿದರು, ಉಣುಗಿನಿಂದ ಹರಡುತ್ತದೆ ಎಂದು ತೋರಿಸಿದರು. ಆ ಕೇಂದ್ರವನ್ನು 1952ರಲ್ಲಿ ಕಟ್ಟಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ. ಅವರ ಉಪಕಾರವನ್ನು ಮಲೆನಾಡು ಮರೆಯಬಾರದು.

ಆದರೆ ಇವತ್ತು ನಾವು ಕೇಳುವ ಪ್ರಶ್ನೆಯೇ ಬೇರೆ. ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದು, ಸತ್ತ ಮಂಗವನ್ನು ಮೊದಲು ಕಾಣುವ ಮನುಷ್ಯ, ಇದನ್ನು ಅಧ್ಯಯನ ಮಾಡುತ್ತೇನೆ, ಹಣ ಕೊಡಿ ಎಂದು ಸರ್ಕಾರವನ್ನು ತನ್ನ ಭಾಷೆಯಲ್ಲಿ ಕೇಳಬಹುದೇ? ಕೇಳುವಂತಿಲ್ಲ!

ಸಂಶೋಧನಾ ಅನುದಾನದ ಅರ್ಜಿ ಎಂದರೆ ರೇಷನ್ ಕಾರ್ಡಿನ ಅರ್ಜಿಯಲ್ಲ. ಉದ್ದೇಶವೇನು, ಇಲ್ಲಿಯವರೆಗೆ ಯಾರು ಏನು ಮಾಡಿದ್ದಾರೆ, ಯಾವ ವಿಧಾನ, ಎಷ್ಟು ವರ್ಷ ಎಂದೆಲ್ಲ ಬರೆಯಬೇಕು. ಉಪಕರಣ, ಪ್ರಯಾಣ, ಸಹಾಯಕರ ವೇತನ ಎಂದು ಖರ್ಚನ್ನು ಬಿಡಿಸಿ ತೋರಿಸಬೇಕು. ಒಬ್ಬ ಕಿರಿಯ ಸಂಶೋಧಕನಿಗೇ 2023ರಲ್ಲಿ ಆದ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ. ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ ಬೇಕು. ಅಭಯಾರಣ್ಯದೊಳಗೆ ಕಾಲಿಡಬೇಕಾದರೆ 1972ರ ವನ್ಯಜೀವಿ ಕಾಯ್ದೆಯ 28ನೇ ಕಲಮಿನಂತೆ ಪರವಾನಗಿ. ಕೊನೆಗೆ ಹಣ ಬಳಕೆಯ ಪ್ರಮಾಣಪತ್ರ. ಇರಲಿ, ಜನರ ದುಡ್ಡಿಗೆ ಲೆಕ್ಕ ಕೇಳುವುದು ನ್ಯಾಯವೇ. ಆದರೆ ಈ ಲೆಕ್ಕವನ್ನೆಲ್ಲ ಕನ್ನಡದಲ್ಲಿ ಕೊಡಬಾರದೆಂದು ಯಾವ ದೊಣ್ಣೆನಾಯಕನ ಅಪ್ಪಣೆ?

ನಾನು ಅಚ್ಚುಕೂಟದವನು, ಪಿಯುಸಿಯವರೆಗೆ ಓದಿದವನು. ಇಂಥ ಅರ್ಜಿಗಳು ನಮ್ಮಲ್ಲಿಗೆ ಟೈಪಿಗೆ, ಸ್ಪೈರಲ್ ಬೈಂಡಿಂಗಿಗೆ ಬರುತ್ತವೆ. ತಾಲ್ಲೂಕು ಕಾಲೇಜಿನ ಮೇಷ್ಟ್ರುಗಳು ತಮ್ಮ ಗುಡ್ಡದ ಬಗ್ಗೆ ಕನ್ನಡದಲ್ಲಿ ಒಂದು ಗಂಟೆ ಮಾತಾಡುತ್ತಾರೆ. ಯಾವ ಹಳ್ಳ ಯಾವ ವರ್ಷ ದಿಕ್ಕು ಬದಲಿಸಿತು ಎಂದು ಬೆರಳಿಟ್ಟು ಹೇಳುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ ಬರೆದಾಗ ಅರ್ಧ ಪುಟ! ದೆಹಲಿಯಲ್ಲಿ ಕುಳಿತ ತಜ್ಞರಿಗೆ ಸಿಗುವುದು ಆ ಅರ್ಧ ಪುಟ ಮಾತ್ರ. ಒಂದು ಸಲ ಬೇರೊಂದು ತಂಡದವರು ಮಲೆನಾಡಿನ ಹಳ್ಳಿಯಲ್ಲಿ ಸಮೀಕ್ಷೆ ಮಾಡಲು ಇಂಗ್ಲಿಷಿನ ಪ್ರಶ್ನಾವಳಿ ಅಚ್ಚು ಹಾಕಿಸಿದರು. ಇದನ್ನು ಓದುವವರು ಯಾರು ಸ್ವಾಮಿ ಎಂದೆ. ನಾವೇ ತುಂಬುತ್ತೇವೆ, ರೈತರು ಸಹಿ ಹಾಕಿದರೆ ಸಾಕು ಎಂದರು. ಓದಲಾಗದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವವರನ್ನು ನಮ್ಮೂರಲ್ಲಿ ಏನೆನ್ನುತ್ತಾರೆಂದು ಓದುಗರಿಗೆ ಗೊತ್ತು.

ಇದು ಬರೀ ಅಭಿಮಾನದ ಮಾತಲ್ಲ, ಜೀವದ ಮಾತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿಯಿತು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿತ್ತು. ಮಳೆ ಎಷ್ಟು ಬಿದ್ದರೆ ಯಾವ ಇಳಿಜಾರು ಜಾರುತ್ತದೆ ಎಂದು ತಿಳಿಯಲು ವರ್ಷಗಟ್ಟಲೆ ಅಲ್ಲೇ ಇದ್ದು ಅಳೆಯುವವರು ಬೇಕು. ವಿಮಾನದಲ್ಲಿ ಬಂದು ನಾಲ್ಕು ದಿನ ಫೋಟೋ ತೆಗೆದರೆ ಆಗುವ ಕೆಲಸವಲ್ಲ.

ಹಿಮಾಲಯದ ಅಧ್ಯಯನಕ್ಕೆಂದೇ ಕೇಂದ್ರ ಸರ್ಕಾರ 2015-16ರಲ್ಲಿ ರಾಷ್ಟ್ರೀಯ ಹಿಮಾಲಯ ಅಧ್ಯಯನ ಮಿಷನ್ ಶುರುಮಾಡಿತು. ಒಳ್ಳೆಯದೇ. ಆದರೆ ಅದರ ಹಣ ಹಿಮಾಲಯದ ರಾಜ್ಯಗಳಿಗೆ, ಸಹ್ಯಾದ್ರಿಗಲ್ಲ. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ 10 ನಮ್ಮ ರಾಜ್ಯದವು. ಇತ್ತ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರ 2005ರಲ್ಲಿ ತಲೆಯೆತ್ತಿದ್ದು ರೋಮುಲಸ್ ವಿಟೇಕರ್ ಅವರಿಗೆ ಬ್ರಿಟನ್ನಿನಲ್ಲಿ ಬಂದ ವಿಟ್ಲಿ ಪ್ರಶಸ್ತಿಯ ಹಣದಿಂದ. ಹೊರಗಿನವರ ದುಡ್ಡು, ಅವರ ಭಾಷೆಯಲ್ಲಿ ಕೇಳೋಣ, ತಕರಾರಿಲ್ಲ. ನಮ್ಮ ತಕರಾರು ನಮ್ಮದೇ ತೆರಿಗೆಯ ದುಡ್ಡಿನದು. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ರೂಪಾಯಿಯ ಗುರಿ ಇಟ್ಟಿದ್ದಾರೆ. ಅದರಲ್ಲಿ ಕನ್ನಡದ ಅರ್ಜಿಗೆ ಜಾಗವಿಲ್ಲ.

‘ವಿಜ್ಞಾನದ ಭಾಷೆಯೇ ಇಂಗ್ಲಿಷು’ ಎಂದು ಮೂಗು ಮುರಿಯುವ ಮಹಾಶಯರಿದ್ದಾರೆ. ಜಪಾನಿನಲ್ಲಿ ಸರ್ಕಾರಿ ಸಂಶೋಧನಾ ಅನುದಾನಕ್ಕೆ ಜಪಾನಿ ಭಾಷೆಯಲ್ಲೇ ಅರ್ಜಿ ಹಾಕುತ್ತಾರೆ. ಜರ್ಮನಿಯಲ್ಲಿ ಜರ್ಮನ್ ನಡೆಯುತ್ತದೆ. ಕೆನಡಾದಲ್ಲಿ ಫ್ರೆಂಚೂ ನಡೆಯುತ್ತದೆ. ಅಲ್ಲಿ ವಿಜ್ಞಾನ ಸತ್ತುಹೋಗಿದೆಯೇ? ಫಲಿತಾಂಶವನ್ನು ಜಗತ್ತಿಗೆ ಇಂಗ್ಲಿಷಿನಲ್ಲಿ ಹೇಳಲಿ, ಹೇಳಲೇಬೇಕು. ಹಣ ಕೇಳುವುದೂ ಊರವರಿಗೆ ವರದಿ ಒಪ್ಪಿಸುವುದೂ ಬೇರೆ ಮಾತು.

ಮಾಧವ ಗಾಡ್ಗೀಳ್ ಸಮಿತಿಯ ವರದಿ 2011ರಲ್ಲಿ ಬಂತು, ಕಸ್ತೂರಿರಂಗನ್ ಅವರದು 2013ರಲ್ಲಿ. ಎರಡೂ ಇಂಗ್ಲಿಷಿನವು. ಮಲೆನಾಡಿನಲ್ಲಿ ಪರವಾಗಿ ಕೂಗಿದವರಲ್ಲಿ, ವಿರೋಧಿಸಿ ರಸ್ತೆಗಿಳಿದವರಲ್ಲಿ ಓದಿದವರೆಷ್ಟು? ಗಾಳಿಮಾತೇ ವರದಿಯಾಯಿತು. 2020ರಲ್ಲಿ ಪರಿಸರ ಪರಿಣಾಮದ ಕರಡು ಅಧಿಸೂಚನೆಯನ್ನು ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟೇ ಹೇಳಬೇಕಾಯಿತು.

ದೆಹಲಿಯನ್ನು ಬೈಯುವ ಮೊದಲು ಬೆಂಗಳೂರನ್ನು ಕೇಳೋಣ. 1963ರಿಂದ ರಾಜಭಾಷಾ ಅಧಿನಿಯಮ ಇಟ್ಟುಕೊಂಡಿರುವ ರಾಜ್ಯವಿದು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಜೀವವೈವಿಧ್ಯ ಮಂಡಳಿ ಕೊಡುವ ಯಾವುದೇ ಹಣಕ್ಕೆ ಕನ್ನಡದಲ್ಲಿ ಬರೆದ ಅರ್ಜಿಯನ್ನು ಇಂಗ್ಲಿಷಿನದರ ಸಮಕ್ಕೆ ಪರಿಗಣಿಸಬೇಕು. ಅದನ್ನು ಓದಬಲ್ಲ ಕನ್ನಡದ ವಿಜ್ಞಾನಿಗಳು ತಜ್ಞರ ಸಮಿತಿಯಲ್ಲಿರಬೇಕು. ನಮ್ಮ ಗುಡ್ಡದಲ್ಲಿ ಸಂಶೋಧನೆ ಮಾಡಿದವರು, ಯಾರ ಹಣದಿಂದಲೇ ಮಾಡಲಿ, ಹತ್ತು ಪುಟದ ಕನ್ನಡ ವರದಿಯನ್ನು ಆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡದಿದ್ದರೆ ಮುಂದಿನ ಸಲ ಅರಣ್ಯ ಇಲಾಖೆ ಪರವಾನಗಿ ಕೊಡಬಾರದು.

ಈ ಮೂರು ಬೇಡಿಕೆಗಳ ಮನವಿಯನ್ನು ಈ ಸಂಚಿಕೆಯ ಜೊತೆಗೆ ಒಂದು ಹಾಳೆಯಾಗಿ ಅಚ್ಚು ಹಾಕಿದ್ದೇವೆ. ಸಹಿ ಮಾಡಿ, ನಿಮ್ಮ ತಾಲ್ಲೂಕಿನ ಕಾಲೇಜು ಮೇಷ್ಟ್ರ ಸಹಿಯನ್ನೂ ಹಾಕಿಸಿ ಮುಖ್ಯಮಂತ್ರಿಗಳಿಗೆ ಕಳಿಸಿ. ಒಂದು ಪ್ರತಿ ನಮಗೂ ಬರಲಿ.