ಸೂರ್‌ನಲ್ಲಿ ಎರಡನೇ ಬೈಕ್: ಕೊಳ್ಳುವ ಮುನ್ನ ಒಂದು ಲೆಕ್ಕ

ಅಕ್ಟೋಬರ್ ಬಂದು ಬಿಸಿಲು ಸ್ವಲ್ಪ ತಗ್ಗಿತೆಂದರೆ ಸೂರ್‌ನಲ್ಲಿರುವ ನಮ್ಮವರ ನಡುವೆ ಒಂದು ಪ್ರಶ್ನೆ ಏಳುತ್ತದೆ: "ಟಾರ್ ರಸ್ತೆಗೆ ಬೈಕ್ ಇದೆ, ಕಲ್ಲು-ಮಣ್ಣಿನ ದಾರಿಗೆ ಇನ್ನೊಂದು ಡ್ಯುಯಲ್ ಸ್ಪೋರ್ಟ್ ತಗೊಳ್ಳಬಹುದಾ?" ಆಸೆಗೆ ಕಾರಣವಿದೆ. ಮಸ್ಕತ್ ಕಡೆಗೆ ಹೊರಟರೆ ವಾದಿ ತಿವಿ, ವಾದಿ ಶಾಬ್, ಮೇಲೆ ಸಲ್ಮಾ ಪ್ರಸ್ಥಭೂಮಿ. ಪೂರ್ವಕ್ಕೆ ರಾಸ್ ಅಲ್ ಹದ್. ಒಳನಾಡಿಗೆ ತಿರುಗಿದರೆ ಶರ್ಕಿಯಾ ಮರಳುಗಾಡು.

ನನ್ನ ಉತ್ತರ: ತಗೊಳ್ಳಿ. ಆದರೆ ಸೆಕೆಂಡ್ ಹ್ಯಾಂಡ್, ಹಗುರವಾದದ್ದು, ಪೂರ್ತಿ ನಗದಿಗೆ. ಈ ಮೂರರಲ್ಲಿ ಒಂದು ಕೂಡದಿದ್ದರೂ ಬಿಟ್ಟುಬಿಡಿ.

ಮೊದಲು ದುಡ್ಡು. ಉದಾಹರಣೆಗೆ 1,200 ರಿಯಾಲ್‌ಗೆ ಹಳೆಯ ಬೈಕ್ ಕೊಂಡು ಮೂರು ವರ್ಷದ ನಂತರ 700ಕ್ಕೆ ಮಾರಿದಿರಿ ಎನ್ನಿ. ಸವಕಳಿ ವರ್ಷಕ್ಕೆ 167. ವಿಮೆ, ಮುಲ್ಕಿಯಾ, ಟೈರ್, ಸರ್ವೀಸ್ ಸೇರಿ 150. ಹೆಲ್ಮೆಟ್, ಬೂಟು, ಜಾಕೆಟ್‌ಗೆ 180 ಕೊಟ್ಟರೆ ವರ್ಷಕ್ಕೆ 60. ಅದೇ 1,200 ಶೇ. 5ರ ಠೇವಣಿಯಲ್ಲಿದ್ದರೆ ಬರುತ್ತಿದ್ದ 60 ಕೂಡ ಖರ್ಚೇ. ಒಟ್ಟು 437 ರಿಯಾಲ್, ಪೆಟ್ರೋಲ್ ಬಿಟ್ಟು.

ಇದನ್ನು ಎಷ್ಟು ಸವಾರಿಗೆ ಹಂಚುತ್ತೀರಿ? ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಬಿಸಿಲಲ್ಲಿ ಹೆಲ್ಮೆಟ್ ಹಾಕಿ ಕಲ್ಲುದಾರಿ ಹತ್ತುವವರು ಕಡಿಮೆ. ಉಳಿಯುವುದು ಅಕ್ಟೋಬರ್‌ನಿಂದ ಏಪ್ರಿಲ್, ಅಂದರೆ ಸುಮಾರು 30 ಶುಕ್ರವಾರ-ಶನಿವಾರಗಳು. ಶಿಫ್ಟ್ ಡ್ಯೂಟಿ, ಮಕ್ಕಳ ಪರೀಕ್ಷೆ, ಊರಿಂದ ಬಂದ ನೆಂಟರು ಎಲ್ಲ ಕಳೆದರೆ 15 ಸಿಕ್ಕೀತು. ಸವಾರಿಗೆ 29 ರಿಯಾಲ್ ಬಿತ್ತು. ಐದೇ ಸಲ ಹೋದರೆ 87. ಒಂದು ದಿನಕ್ಕೆ ಫೋರ್‌ವೀಲ್ ಡ್ರೈವ್ ಬಾಡಿಗೆ ಎಷ್ಟೆಂದು ವಿಚಾರಿಸಿ, ಈ ಎರಡು ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಬಾಡಿಗೆಯ ಗಾಡಿಯಲ್ಲಿ ಹೆಂಡತಿ-ಮಕ್ಕಳಿಗೂ ಜಾಗವಿರುತ್ತದೆ.

ಇನ್ನು ಸಾಲ ಮಾಡಿ 2,600ರ ಹೊಸ ಬೈಕ್ ತಂದು ಮೂರು ವರ್ಷಕ್ಕೆ 1,400ಕ್ಕೆ ಮಾರಿದರೆ? ಸವಕಳಿ 400, ಬಡ್ಡಿ ನೂರರ ಆಸುಪಾಸು, ಉಳಿದದ್ದು ಅಷ್ಟೇ. ವರ್ಷಕ್ಕೆ 710. ಅದೇ 15 ಸವಾರಿ, ತಲಾ 47. ಹೊಸ ಬೈಕೇನೂ ಹೆಚ್ಚು ಶುಕ್ರವಾರಗಳನ್ನು ತಂದುಕೊಡುವುದಿಲ್ಲ.

ಎರಡನೆಯದು ತೂಕ. ಹಿಮಾಲಯನ್ 450 ಒಳ್ಳೆಯ ಗಾಡಿ, ಆದರೆ 196 ಕೆ.ಜಿ. ಹೋಂಡಾ ಸಿಆರ್‌ಎಫ್ 300 ಎಲ್ 142 ಕೆ.ಜಿ. ವ್ಯತ್ಯಾಸ ಒಂದು ಸಿಮೆಂಟ್ ಮೂಟೆಗಿಂತ ಹೆಚ್ಚು. ಮರಳಲ್ಲಿ ಬಿದ್ದ ಬೈಕನ್ನು ಎತ್ತಬೇಕಾದವರು ನೀವೊಬ್ಬರೇ. ಹೆದ್ದಾರಿಯಲ್ಲಿ ಮಸ್ಕತ್‌ವರೆಗಿನ 200 ಕಿ.ಮೀ. ಓಡಿಸಲು ನಿಮ್ಮ ಈಗಿನ ಬೈಕ್ ಇದೆಯಲ್ಲ. ಎರಡನೆಯದು ಆ ಕೆಲಸವನ್ನೂ ಮಾಡಲಿ ಎಂದು ಬಯಸಿದರೆ ಭಾರವೂ ಬೆಲೆಯೂ ಏರುತ್ತವೆ. ಹಾಗೆ ಎರಡಕ್ಕೂ ಒಂದೇ ಬೇಕಾದರೆ ಹಳೆಯದನ್ನು ಮಾರಿಬಿಡಿ. ಮುಲ್ಕಿಯಾ ಎರಡು, ವಿಮೆ ಎರಡು, ಸವಾರ ಮಾತ್ರ ಒಬ್ಬ. ಈಗಿನ ಬೈಕಿನ ಮೀಟರ್ ಕಳೆದ ಒಂದು ವರ್ಷದಲ್ಲಿ ಎಷ್ಟು ಓಡಿದೆ ಎಂಬುದೇ ಇದಕ್ಕೆ ಸಾಕ್ಷಿ ಹೇಳುತ್ತದೆ.

ಮೂರನೆಯದನ್ನು ನಾವು ಮಾತಾಡುವುದೇ ಕಡಿಮೆ. ಇಲ್ಲಿ ನಮ್ಮ ಸಂಬಳ ನಿಂತಿರುವುದು ಕೆಲಸದ ಮೇಲೆ, ರೆಸಿಡೆನ್ಸ್ ಕಾರ್ಡ್ ಕೂಡ ಅದರ ಮೇಲೆ, ಹೆಂಡತಿ-ಮಕ್ಕಳ ವೀಸಾ ನಮ್ಮ ಕಾರ್ಡ್ ಮೇಲೆ. ಪ್ಲಾಂಟಿನಲ್ಲಿ ಏಣಿ ಹತ್ತಬೇಕಾದವನ ಕಾಲು ಮುರಿದು ಆರು ತಿಂಗಳು ಮಲಗಿದರೆ ನಷ್ಟ ಬೈಕಿನದ್ದಲ್ಲ. ಆದ್ದರಿಂದ ಕಂಪನಿಯ ಮೆಡಿಕಲ್ ಪಾಲಿಸಿಯಲ್ಲಿ ಯಾವುದಕ್ಕೆ ರಕ್ಷಣೆ ಇಲ್ಲವೆಂದು ಓದಿ. ಊರಲ್ಲಿ ಮಾಡಿಸಿದ ಟರ್ಮ್ ಪಾಲಿಸಿಯ ಅರ್ಜಿಯಲ್ಲಿ ಸಾಹಸದ ಹವ್ಯಾಸಗಳ ಪ್ರಶ್ನೆ ಇದ್ದರೆ ಏನು ಬರೆದಿದ್ದೀರಿ ನೋಡಿ. ಬೈಕಿಗೆ ಬೇಕಾದ ಲೈಸೆನ್ಸ್ ಪಕ್ಕಾ ಇರಲಿ. ನೀರು ಹರಿಯುವ ವಾದಿಯನ್ನು ದಾಟುವ ಹುಚ್ಚು ಬೇಡ, ಅದು ಕಾನೂನಿಗೂ ವಿರುದ್ಧ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಇಲ್ಲದವರು ಬೈಕಿನ ಮಾತು ಮುಂದಕ್ಕೆ ಹಾಕುವುದೇ ಒಳ್ಳೆಯದು. ಕೆಲಸ ಹೋದರೆ ಕೆಲವೇ ವಾರಗಳಲ್ಲಿ ಸಿಕ್ಕಿದ ಬೆಲೆಗೆ ಮಾರಿ ಹೊರಡಬೇಕಾಗುತ್ತದೆ. ಕಡಿಮೆ ದುಡ್ಡು ಹಾಕಿದವನಿಗೆ ಆಗ ಕಡಿಮೆ ಪೆಟ್ಟು.

"ಹಾಗಾದರೆ ಊರಲ್ಲೇ ಒಂದು ಎಕ್ಸ್‌ಪಲ್ಸ್ ಕೊಂಡಿಟ್ಟರೆ?" ಎನ್ನುವವರಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ನಿಜ. ಆದರೆ ಆಜೀವ ತೆರಿಗೆ ಒಂದೇ ಸಲಕ್ಕೆ ಕಟ್ಟಬೇಕು, ಓಡಿಸುವುದು ರಜೆಯ 30 ದಿನ. ಉಳಿದ 11 ತಿಂಗಳು ಬ್ಯಾಟರಿ ಸಾಯದಂತೆ ನೋಡಿಕೊಳ್ಳುವ ಕೆಲಸ ಅಪ್ಪನಿಗೆ. ಚಿಕ್ಕಮಗಳೂರಿಗೋ ಸಕಲೇಶಪುರಕ್ಕೋ ಹೋಗಲು ನಾಲ್ಕು ದಿನ ಬಾಡಿಗೆ ಬೈಕ್ ಸಾಕು.

ಇಷ್ಟೆಲ್ಲ ಲೆಕ್ಕದ ನಂತರವೂ 437 ರಿಯಾಲ್ ನಿಮ್ಮ ವರ್ಷದ ಉಳಿತಾಯಕ್ಕೆ ಕೈ ಹಾಕದೆ ಬರುವುದಾದರೆ ಖಂಡಿತ ಕೊಳ್ಳಿ. ಅದನ್ನು ಹೂಡಿಕೆ ಎಂದು ಮನೆಯಲ್ಲಿ ಹೇಳಬೇಡಿ, ಶೋಕಿ ಎಂದೇ ಖರ್ಚಿನ ಪುಸ್ತಕದಲ್ಲಿ ಬರೆಯಿರಿ. ಏಪ್ರಿಲ್ ಮುಗಿದಾಗ ಸವಾರಿಗಳನ್ನು ಎಣಿಸಿ. ಹತ್ತು ದಾಟದಿದ್ದರೆ, ಮುಂದಿನ ಅಕ್ಟೋಬರ್‌ನಲ್ಲಿ ಇದೇ ಪ್ರಶ್ನೆ ಕೇಳುವ ಇನ್ನೊಬ್ಬರಿಗೆ ಮಾರಿಬಿಡಿ.