ಎಣಿಕೆಯೊಂದೇ ಸಾಲದು

ತೂಕ ಇಳಿಸಲು ಕ್ಯಾಲೊರಿಗಳ ಲೆಕ್ಕವಿಟ್ಟರೆ ಸಾಕೆಂಬ ನಂಬಿಕೆ ಬಲವಾಗಿದೆ. ವ್ಯಯಕ್ಕಿಂತ ಆಯ ಕಡಿಮೆಯಾದರೆ ತೂಕ ಇಳಿಯುವುದೆಂಬುದು ನಿರ್ವಿವಾದ. ಆದರೆ ಹಸಿವೆಯನ್ನು ಲೆಕ್ಕದಿಂದಲೇ ತಡೆಯಬಹುದೆ ಎಂಬುದು ಪ್ರಶ್ನೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮನನೀಯ. 20 ಮಂದಿಗೆ ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸಹಜ ಆಹಾರವನ್ನೂ ಬಡಿಸಲಾಯಿತು. ಮುಂದಿಟ್ಟ ಊಟಗಳ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮನಾಗಿದ್ದವು. ಬೇಕಾದಷ್ಟು ಉಣ್ಣುವ ಸ್ವಾತಂತ್ರ್ಯವಿತ್ತು. ಅತಿಸಂಸ್ಕರಿತ ಆಹಾರವಿದ್ದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಉಂಡರು. ತೂಕವೂ ಸರಾಸರಿ 0.9 ಕಿಲೋಗ್ರಾಂ ಏರಿತು. ಸಹಜ ಆಹಾರದಲ್ಲಿ ಅಷ್ಟೇ ಇಳಿಯಿತು.

ಆದುದರಿಂದ ಎಷ್ಟು ಉಣ್ಣಬೇಕೆಂದು ಎಣಿಸುವ ಮೊದಲು ಏನನ್ನು ಉಣ್ಣಬೇಕೆಂದು ವಿಚಾರಿಸುವುದು ಯುಕ್ತ. ಮಕ್ಕಳಿಗೆ ಕ್ಯಾಲೊರಿಯ ಗಣಿತಕ್ಕಿಂತ ಮುಂಚೆ ಜೋಳದ ರೊಟ್ಟಿ, ಕಾಳು, ಸೊಪ್ಪುಗಳ ರುಚಿ ಹತ್ತಿಸುವುದು ಪಾಲಕರ ಹಾಗೂ ಶಿಕ್ಷಕರ ಹೊಣೆ.